ಗಾಜಿನ ಮೇಲೆ ಕಟ್ಟಿದ ನೀರು

ನಮ್ಮ ಬಾತ್‌ರೂಮಿನ ಸಣ್ಣ ಕಿಟಕಿ ಪೂರ್ವಕ್ಕಿದೆ. ಬೆಳಿಗ್ಗೆ ಏಳೂವರೆ ಹೊತ್ತಿಗೆ ಬಿಸಿಲಿನ ಒಂದು ಪಟ್ಟಿ ಒಳಗೆ ಬಂದು ಶವರಿನ ಗಾಜಿನ ಬಾಗಿಲ ಮೇಲೆ ಬೀಳುತ್ತದೆ. ಹತ್ತು ನಿಮಿಷ ಇದ್ದು ಸರಿದು ಹೋಗುತ್ತದೆ. ಟ್ಯೂಬ್‌ಲೈಟಿನಲ್ಲಿ ಕಾಣದ್ದೆಲ್ಲ ಆ ಹತ್ತು ನಿಮಿಷದಲ್ಲಿ ಕಾಣುತ್ತದೆ. ಸಾವಿರಾರು ಬಿಳಿ ಚುಕ್ಕಿಗಳು. ಮೇಲಿಂದ ಕೆಳಗೆ ಹರಿದು ಒಣಗಿದ ಗೆರೆಗಳು. ಕೆಳಗಿನ ಒಂದಡಿಗೆ ಹಾಲು ಚೆಲ್ಲಿ ಹಾಗೇ ಬಿಟ್ಟಂಥ ಒಂದು ಪೊರೆ.

ದೀಪಾವಳಿಗೆ ತೀರ್ಥಹಳ್ಳಿಯಿಂದ ಅಮ್ಮ ಬಂದಿದ್ದಳು. ಎಣ್ಣೆ ಸ್ನಾನಕ್ಕೆ ಅಂತ ಒಳಗೆ ಹೋದವಳು ಆ ಬಾಗಿಲ ಮುಂದೆ ನಿಂತು ಕೇಳಿದಳು: "ಇದಕ್ಕೆ ಸುಣ್ಣ ಬಳಿಸಿದ್ದೀರೇನೇ?"

ಅವಳು ತಮಾಷೆಗೆ ಕೇಳಿದ್ದಲ್ಲ. ಒಳಗಿರುವವರು ಹೊರಗೆ ಕಾಣದಿರಲಿ ಅಂತ ನಾವೇ ಹಾಗೆ ಮಾಡಿಸಿದ್ದೀವಿ ಅಂದುಕೊಂಡಿದ್ದಳು. ನನಗೆ ನಾಚಿಕೆಯಾಯಿತು. "ಇಲ್ಲಮ್ಮ, ಕೊಳೆ ಅದು. ಸರಿಯಾಗಿ ಉಜ್ಜಲ್ಲ" ಅಂದೆ. ಯಾರು ಉಜ್ಜಲ್ಲ ಅಂತ ಹೇಳಲಿಲ್ಲ. ಮನೆಗೆಲಸಕ್ಕೆ ಬರುವ ಅಕ್ಕ ಆಗ ಪಕ್ಕದ ಅಡುಗೆಮನೆಯಲ್ಲೇ ಪಾತ್ರೆ ತೊಳೆಯುತ್ತಿದ್ದರು. ನಾನು ಆ ಮಾತು ಹೇಳಿದಾಗ ನಲ್ಲಿಯ ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಆ ನಿಂತ ಸದ್ದು ನನ್ನ ತಲೆಯಿಂದ ಹೋಗಲಿಲ್ಲ. ಅದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ನಾವು ಈ ಫ್ಲ್ಯಾಟಿಗೆ ಬಂದು ನಾಲ್ಕು ವರ್ಷ ಆಯಿತು. ಬೆಂಗಳೂರಿನ ಪೂರ್ವದ ಅಂಚು, ವೈಟ್‌ಫೀಲ್ಡ್ ದಾಟಿ ಹೊಸಕೋಟೆ ಕಡೆಗೆ. ಬಂದ ಮೊದಲ ವಾರ ಅಲ್ಲೊಂದು ಗಾಜಿದೆ ಅನ್ನುವುದೇ ತಿಳಿಯುತ್ತಿರಲಿಲ್ಲ. ನನ್ನ ಮಗ ಓಡಿ ಬಂದು ಹಣೆ ಗುದ್ದಿಕೊಂಡಿದ್ದ. ಆರು ತಿಂಗಳು ಕಳೆಯುವಷ್ಟರಲ್ಲಿ ಮಂಜು ಕವಿದ ಹಾಗಾಯಿತು. ವರ್ಷವಾದ ಮೇಲೆ ಅತ್ತ ಕಡೆಯ ಟೈಲ್ಸಿನ ಬಣ್ಣವೂ ಕಾಣದಾಯಿತು.

ಅಕ್ಕ ಪಾವಗಡದವರು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ಆಗಿದೆ. ಆ ಬಾಗಿಲಿಗೆ ಅವರು ಮಾಡದ ಪ್ರಯತ್ನ ಇಲ್ಲ. ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿದರು. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ತಂದು ತಿಕ್ಕಿದರು. ಕೊನೆಗೆ ನಾನೇ ಅಂಗಡಿಯಿಂದ ಬಾತ್‌ರೂಮ್ ಆಸಿಡ್ ತಂದುಕೊಟ್ಟೆ. ಅವತ್ತು ಅರ್ಧ ದಿನ ಮನೆಯಲ್ಲಿ ಮೂಗು ಉರಿಯುವ ವಾಸನೆ. ಅಕ್ಕ ಸೆರಗು ಮೂಗಿಗೆ ಕಟ್ಟಿಕೊಂಡು ಕೆಮ್ಮುತ್ತ ತೊಳೆದರು. ಎರಡು ದಿನ ಬಿಟ್ಟು ಟೀ ಲೋಟ ಹಿಡಿದಾಗ ನೋಡಿದೆ, ಬೆರಳ ತುದಿಗಳಲ್ಲಿ ಚರ್ಮ ಒಡೆದಿತ್ತು. ಕೈಗವಸು ಕೊಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಅವತ್ತೇ ಅವರು ಒಂದು ಮಾತು ಹೇಳಿದ್ದರು. "ಅದು ಕೊಳೆ ಅಲ್ಲ ಕಣಮ್ಮ, ನೀರು ಕಟ್ಟಿರೋದು. ನಮ್ಮೂರಲ್ಲಿ ಬಿಂದಿಗೆ ಒಳಗೆಲ್ಲ ಹಿಂಗೇ ಕಟ್ತದೆ. ಎಷ್ಟು ಉಜ್ಜಿದ್ರೂ ಅಷ್ಟೇ."

ನಾನು ಅದನ್ನು ನೆಪ ಅಂದುಕೊಂಡೆ. ಹೂಂ ಅಂದು ಸುಮ್ಮನಾದೆ. ಪಾವಗಡದ ನೀರಿನ ಕಷ್ಟ ರಾಜ್ಯಕ್ಕೆಲ್ಲ ಗೊತ್ತಿರುವುದೇ. ಫ್ಲೋರೈಡ್, ಸವಳು, ಬೇಳೆ ಬೇಯದ ನೀರು. ಅಂಥ ನೀರಿನ ಜೊತೆಗೇ ಬೆಳೆದವರು ನೀರಿನ ಬಗ್ಗೆ ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ದೀಪಾವಳಿ ಮುಗಿದು ಅಮ್ಮ ಊರಿಗೆ ಹೋದ ಮೇಲೆ, ಅಪಾರ್ಟ್‌ಮೆಂಟಿನ ಆಫೀಸಿನಲ್ಲಿ ನೀರಿನ ಪರೀಕ್ಷೆಯ ವರದಿ ಕೇಳಿ ತಂದೆ. ಬೋರ್‌ವೆಲ್ಲಿನ ನೀರಿಗೆ ಒಟ್ಟು ಗಡಸುತನ ಲೀಟರಿಗೆ 540 ಮಿಲಿಗ್ರಾಂ ಅಂತ ಇತ್ತು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಗಡಸುತನ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ 600ರವರೆಗೂ ನಡೆಯುತ್ತದೆ. ಅಂದರೆ ನಮ್ಮದು ಕಾಗದದ ಮೇಲೆ ಪಾಸಾದ ನೀರು. ಆದರೆ ಗಾಜಿಗೆ, ಗೀಸರಿಗೆ, ತಲೆಕೂದಲಿಗೆ ಅದು ಪಾಸಾಗುವುದಿಲ್ಲ.

ಈ ಗಡಸು ಬರುವುದು ಎಲ್ಲಿಂದ? ಮಳೆ ನೀರು ಮೂಲದಲ್ಲಿ ಮೆದು. ಅದು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಬೇರುಗಳು, ಹುಳುಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಅನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಹಾಗಾಗಿ ಚೂರು ಹುಳಿಯಾಗುತ್ತದೆ. ಸೋಡಾ ನೀರಿನಲ್ಲಿ ಇರುವ ಹುಳಿಯೇ ಇದು, ಅದಕ್ಕಿಂತ ತುಂಬ ಕಡಿಮೆ ಅಷ್ಟೆ. ಆ ಹುಳಿ ನೀರು ಕಲ್ಲಿನ ಸಂದಿಗಳಲ್ಲಿ ವರ್ಷಗಟ್ಟಲೆ ಕೂತು, ಹರಿದು, ಕಲ್ಲಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತದೆ. ಎಷ್ಟು ಆಳ ಹೋದರೆ, ಎಷ್ಟು ಹೊತ್ತು ಕಲ್ಲಿನ ಜೊತೆ ಇದ್ದರೆ, ಸಾಮಾನ್ಯವಾಗಿ ಅಷ್ಟು ಜಾಸ್ತಿ. ನಮ್ಮ ಕಡೆ ಬೋರ್‌ವೆಲ್ ಈಗ ಸಾವಿರ ಅಡಿ ದಾಟಿ ಹೋಗುತ್ತದೆ. ಅಂಥ ಆಳದ ನೀರನ್ನು ಎತ್ತಿ ತಂದು ನಾವು ತಲೆ ಮೇಲೆ ಸುರಿದುಕೊಳ್ಳುತ್ತೇವೆ.

ಗಾಜಿನ ಮೇಲೆ ನಿಂತ ಹನಿ ಒಣಗುವಾಗ ನೀರು ಗಾಳಿಗೆ ಹೋಗುತ್ತದೆ. ಅದರಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಅನಿಲವೂ ಹೋಗುತ್ತದೆ. ಉಳಿಯುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಕಲ್ಲಾಗಿದ್ದದ್ದು ಕರಗಿ ನೀರಿನ ಜೊತೆ ಬಂದು ನಮ್ಮ ಬಾತ್‌ರೂಮಿನಲ್ಲಿ ಮತ್ತೆ ಕಲ್ಲಾಗುತ್ತದೆ. ಊರ ಮನೆಯ ಗೋಡೆಗೆ ಬಳಿಯುವ ಸುಣ್ಣ ಇದೆಯಲ್ಲ, ಅದೂ ಇದೇ. ಅರಳಿಸಿದ ಸುಣ್ಣ ಗೋಡೆ ಮೇಲೆ ಒಣಗುತ್ತ ಗಾಳಿಯಿಂದ ಇದೇ ಅನಿಲವನ್ನು ಎಳೆದುಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಅಮ್ಮ ಕೇಳಿದ ಮಾತು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ನಾಲ್ಕು ವರ್ಷದಿಂದ ನಾವು ಆ ಬಾಗಿಲಿಗೆ ದಿನಕ್ಕೆ ಎರಡು ಸಲ ಸುಣ್ಣ ಬಳಿಯುತ್ತಲೇ ಇದ್ದೆವು.

ಆ ಚುಕ್ಕಿಗಳನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಚುಕ್ಕಿಯ ನಡು ತೆಳು, ಅಂಚು ದಪ್ಪ. ಉಂಗುರದ ಥರ. ಕಾಫಿ ಲೋಟ ಇಟ್ಟ ಜಾಗದಲ್ಲಿ ಹನಿ ಒಣಗಿದರೂ ಹೀಗೇ ಆಗುತ್ತದೆ, ಅಲ್ವಾ? ಇದು ಯಾಕೆ ಅಂತ 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಹನಿಯ ಅಂಚು ಗಾಜಿಗೆ ಕಚ್ಚಿಕೊಂಡಿರುತ್ತದೆ, ಸರಿಯುವುದಿಲ್ಲ. ಅಂಚಿನಲ್ಲಿ ನೀರು ಬೇಗ ಆರುತ್ತದೆ. ಆರಿದ್ದನ್ನು ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ತನ್ನಲ್ಲಿರುವುದನ್ನೂ ಹೊತ್ತುಕೊಂಡು ಹೋಗಿ ಅಲ್ಲೇ ಬಿಡುತ್ತದೆ. ಅವರು ನೋಡಿದ್ದು ಕಾಫಿಯ ಕಣಗಳಂಥವನ್ನು. ನಮ್ಮ ಗಾಜಿನ ಮೇಲಿನ ಉಂಗುರ ನೋಡಿದಾಗ ನನಗೆ ಆ ಹರಿವೇ ನೆನಪಾಗುತ್ತದೆ. ಒಂದು ಹನಿಯೊಳಗೆ ಅಷ್ಟೊಂದು ಓಡಾಟ.

ಇನ್ನು ಸೋಪು. ಸುಣ್ಣ ಒಂದೇ ಆಗಿದ್ದರೆ ಕಲೆ ಪುಡಿಪುಡಿಯಾಗಿ ಇರುತ್ತಿತ್ತು. ನಮ್ಮ ಬಾಗಿಲ ಕೆಳಭಾಗದಲ್ಲಿ ಇದ್ದದ್ದು ಉಗುರಿನಿಂದ ಕೆರೆದರೆ ಮೇಣದ ಥರ ಬರುತ್ತಿತ್ತು. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿದರೆ ನೊರೆ ಬರುವುದಿಲ್ಲ. ಬದಲಿಗೆ ನೀರಿನಲ್ಲಿ ಕರಗದ ಒಂದು ಗಸಿ ಆಗುತ್ತದೆ. ಹಾಲು ಒಡೆದ ಹಾಗೆ ಸೋಪು ಒಡೆಯುತ್ತದೆ. ಸೋಪಿನ ಕವರಿನ ಮೇಲೆ ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ, 76 ಶೇಕಡಾ ಅಂತ ಬರೆದಿರುವುದನ್ನು ನೋಡಿ ಒಳ್ಳೆಯ ಸೋಪು ಅಂತ ಕೊಳ್ಳುತ್ತೇವೆ. ಮೈಗೆ ಒಳ್ಳೆಯದೇ. ಆದರೆ ಒಡೆಯುವುದು ಅದೇ ಕೊಬ್ಬಿನಂಶ. ಬಾಟಲಿಯಲ್ಲಿ ಬರುವ ಬಾಡಿ ವಾಶ್, ಶಾಂಪೂಗಳು ಬಹುತೇಕ ಬೇರೆ ಜಾತಿಯವು. ಅವು ಕ್ಯಾಲ್ಸಿಯಂ ಇದ್ದರೂ ಇಷ್ಟೊಂದು ಗಸಿ ಕಟ್ಟುವುದಿಲ್ಲ. ಅಜ್ಜಿ ಹಾಕುತ್ತಿದ್ದ ಸೀಗೆಕಾಯಿಯೂ ಹಾಗೇ. ಅದರ ನೊರೆ ಸೋಪಿನ ನೊರೆಯಲ್ಲ.

ಹೀಗೆ ಗಾಜಿನ ಮೇಲೆ ಎರಡು ಬಗೆಯ ಪದರ ಇರುತ್ತದೆ. ಸುಣ್ಣ, ಅದರ ಮೇಲೆ ಮೇಣದಂಥ ಗಸಿ, ಮತ್ತೆ ಸುಣ್ಣ, ಮತ್ತೆ ಗಸಿ. ಇದು ತಿಳಿದ ಮೇಲೆ ನನ್ನ ಅರ್ಧ ಗೊಂದಲ ಹೋಯಿತು. ಹುಳಿ ಹಾಕಿದರೆ ಮೇಲಿನ ಮೇಣ ಅದನ್ನು ಒಳಗೆ ಬಿಡುವುದಿಲ್ಲ. ಬರೀ ಸೋಪು ಹಾಕಿ ಉಜ್ಜಿದರೆ ಸುಣ್ಣ ಅಲ್ಲಾಡುವುದಿಲ್ಲ. ಅಕ್ಕ ಎರಡನ್ನೂ ಬೇರೆ ಬೇರೆ ದಿನ ಮಾಡಿದ್ದರು. ಒಂದಾದ ಮೇಲೊಂದು ಮಾಡಬೇಕಿತ್ತು, ಅಷ್ಟೆ.

ಒಂದು ಭಾನುವಾರ ಒಂದು ಸಣ್ಣ ಅಳತೆ ಮಾಡಿದೆ. ಸ್ನಾನ ಮುಗಿದ ಕೂಡಲೇ ಗಾಜನ್ನು ಮೇಲಿಂದ ಕೆಳಗೆ ವೈಪರಿನಲ್ಲಿ ಎಳೆದು, ಬಂದ ನೀರನ್ನೆಲ್ಲ ಉದ್ದನೆಯ ಟ್ರೇಯಲ್ಲಿ ಹಿಡಿದೆ. ಮಗನ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದೆ. ಸುಮಾರು 55 ಮಿಲಿಲೀಟರ್ ಬಂತು. ಅರ್ಧ ಲೋಟ ಕಾಫಿಯಷ್ಟು. ಲೀಟರಿಗೆ 540 ಮಿಲಿಗ್ರಾಂ ಲೆಕ್ಕದಲ್ಲಿ ಇಷ್ಟು ನೀರಿನಲ್ಲಿ ಇರುವ ಸುಣ್ಣ ಸುಮಾರು 30 ಮಿಲಿಗ್ರಾಂ. ದಿನಕ್ಕೆ ಎರಡು ಸ್ನಾನ ಅಂದರೆ 60 ಮಿಲಿಗ್ರಾಂ. ವರ್ಷಕ್ಕೆ 20 ಗ್ರಾಂ ದಾಟುತ್ತದೆ. ಎಲ್ಲವೂ ಗಾಜಿನ ಮೇಲೇ ಕೂರುವುದಿಲ್ಲ, ಸ್ವಲ್ಪ ಮರುದಿನದ ನೀರಿಗೆ ಹೋಗುತ್ತದೆ. ಆದರೂ ವರ್ಷಕ್ಕೆ ಒಂದೆರಡು ಚಮಚ ಸುಣ್ಣವನ್ನು ಆ ಬಾಗಿಲಿಗೆ ಹಚ್ಚಿದ ಲೆಕ್ಕ.

ಇಲ್ಲಿಂದ ಇನ್ನೊಂದು ಲೆಕ್ಕ ಹುಟ್ಟಿತು. ಅಂಗಡಿಯ ವಿನೆಗರಿನಲ್ಲಿ ಅಸಿಟಿಕ್ ಆಮ್ಲ ಇರುವುದು ಶೇಕಡಾ 4ರ ಆಸುಪಾಸು. ಒಂದು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು 1.2 ಗ್ರಾಂ ಅಸಿಟಿಕ್ ಆಮ್ಲ ಬೇಕು, ಅಂದರೆ 30 ಮಿಲಿಲೀಟರ್ ವಿನೆಗರ್. 20 ಗ್ರಾಂ ಇದ್ದರೆ 600 ಮಿಲಿಲೀಟರ್. ಒಂದು ಪೂರ್ತಿ ಬಾಟಲಿಗೂ ಹೆಚ್ಚು. "ವಿನೆಗರ್ ಸ್ಪ್ರೇ ಮಾಡಿ ಐದು ನಿಮಿಷ ಬಿಟ್ಟು ಒರೆಸಿ" ಅಂತ ಎಲ್ಲರೂ ಹೇಳುತ್ತಾರೆ. ನಾನೂ ಮಾಡಿದ್ದೆ, ಏನೂ ಆಗಿರಲಿಲ್ಲ. ಆಗುವುದಾದರೂ ಹೇಗೆ? ನಾಲ್ಕು ಸಲ ಸ್ಪ್ರೇ ಒತ್ತಿದರೆ ಬರುವುದು ನಾಲ್ಕೈದು ಮಿಲಿಲೀಟರ್. ಅದರಲ್ಲೂ ಅರ್ಧ ಕೆಳಗೆ ಹರಿದು ಜಾಲರಿಗೆ ಹೋಗುತ್ತದೆ. ಕಲೆ ಹಟಮಾರಿ ಅಲ್ಲ. ನಾವು ಕೊಟ್ಟ ಹುಳಿ ಸಾಲಲಿಲ್ಲ, ಕೊಟ್ಟ ಹೊತ್ತೂ ಸಾಲಲಿಲ್ಲ.

ಹಾಗಾಗಿ ನಾನು ವಿನೆಗರ್ ಬಿಟ್ಟು ನಿಂಬೆ ಉಪ್ಪು ಹಿಡಿದೆ. ದಿನಸಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಹರಳು. ಬೇಕಾದಷ್ಟು ಗಟ್ಟಿಯಾಗಿ ಕಲಸಿಕೊಳ್ಳಬಹುದು, ವಿನೆಗರಿನ ವಾಸನೆ ಇಲ್ಲ, ಬೆಲೆಯೂ ಕಡಿಮೆ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ತುಂಬ ಹಾಕಿ ಕರಗಿಸಿದೆ.

ಶನಿವಾರ ಮಧ್ಯಾಹ್ನ ಶುರು ಮಾಡಿದೆ. ಅವತ್ತು ಅಕ್ಕನಿಗೆ ರಜೆ. ನಾನೇ ಮಾಡಬೇಕು ಅಂತಲೇ ಆ ದಿನ ಆರಿಸಿಕೊಂಡಿದ್ದು. ಕೈಗವಸು ಹಾಕಿಕೊಂಡೆ, ಕಿಟಕಿ ತೆರೆದೆ. ಮೊದಲು ಮೇಣದ ಪದರ. ಗಾಜನ್ನು ಬಿಸಿನೀರಿನಲ್ಲಿ ನೆನೆಸಿ, ಪಾತ್ರೆ ತೊಳೆಯುವ ಲಿಕ್ವಿಡನ್ನು ನೀರು ಬೆರೆಸದೆ ಮೆತ್ತನೆಯ ಸ್ಪಾಂಜಿಗೆ ಹಾಕಿ ಸುತ್ತಿ ಸುತ್ತಿ ಹಚ್ಚಿದೆ. ಹತ್ತು ನಿಮಿಷ ಬಿಟ್ಟೆ. ತೊಳೆದಾಗ ಕೆಳಗೆ ಹೋದ ನೀರು ಬೂದು ಬಣ್ಣದ್ದು. ಗಾಜನ್ನು ಮುಟ್ಟಿದರೆ ಜಾರುತ್ತಿದ್ದದ್ದು ಈಗ ಮರಳು ಕಾಗದದ ಥರ ಒರಟಾಗಿತ್ತು. ಕಣ್ಣಿಗೆ ಮೊದಲಿಗಿಂತ ಕೆಟ್ಟದಾಗೇ ಕಾಣುತ್ತಿತ್ತು. ಬೇಜಾರಾಗಬೇಡಿ, ಅದು ಒಳ್ಳೆಯ ಲಕ್ಷಣ. ಬರೀ ಸುಣ್ಣ ಉಳಿದಿದೆ ಅಂತ ಅರ್ಥ.

ಆಮೇಲೆ ಹುಳಿ. ನಿಂತ ಗಾಜಿನ ಮೇಲೆ ನೀರು ನಿಲ್ಲುವುದಿಲ್ಲ, ಅದೇ ದೊಡ್ಡ ತೊಂದರೆ. ಅದಕ್ಕೆ ಅಡುಗೆಮನೆಯ ಟಿಶ್ಯೂ ಸುರುಳಿ ಬಿಚ್ಚಿ ಗಾಜಿಗೆ ಅಂಟಿಸುತ್ತ, ಮೇಲಿಂದ ನಿಂಬೆ ಉಪ್ಪಿನ ನೀರು ಸ್ಪ್ರೇ ಮಾಡುತ್ತ ಹೋದೆ. ಒದ್ದೆಯಾದ ಟಿಶ್ಯೂ ತಾನೇ ಕಚ್ಚಿಕೊಳ್ಳುತ್ತದೆ. ಕೆಳಗಿನ ಒಂದಡಿಗೆ ಟಿಶ್ಯೂ ಸಾಲಲಿಲ್ಲ. ಅಪ್ಪನ ಹಳೆಯ ಪಂಚೆಯ ತುಂಡನ್ನು ಅದ್ದಿ ಹಾಕಿದೆ. ಹತ್ತಿ ಬಟ್ಟೆ ಹಿಡಿದಷ್ಟು ನೀರು ಟಿಶ್ಯೂ ಹಿಡಿಯುವುದಿಲ್ಲ.

ಕಿವಿಯನ್ನು ಹತ್ತಿರ ತಂದರೆ ಸಣ್ಣ ಸದ್ದು ಕೇಳುತ್ತಿತ್ತು. ಸುಣ್ಣ ಹುಳಿಗೆ ಸಿಕ್ಕಿ ಅನಿಲ ಬಿಡುವ ಸದ್ದು. ಪಂಚೆಯ ಅಂಚು ಎತ್ತಿ ನೋಡಿದೆ. ಬಿಳಿ ಪೊರೆಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದು, ಒಡೆದು, ಮತ್ತೆ ಏಳುತ್ತಿದ್ದವು. ಒಂದು ಕಾಲದಲ್ಲಿ ಮಣ್ಣಿನೊಳಗೆ ನೀರಿಗೆ ಸೇರಿದ್ದ ಅನಿಲದ ಉಳಿದ ಪಾಲು ಈಗ ಬಿಡುಗಡೆಯಾಗುತ್ತಿದೆ ಅಂತ ಅನಿಸಿತು. ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ ಗೊತ್ತಿಲ್ಲ.

ಒಣಗಲು ಬಿಡಬಾರದು. ಇದು ಮುಖ್ಯ. ಹುಳಿ ನೀರು ಒಣಗಿದರೆ ಕ್ಯಾಲ್ಸಿಯಂ ಸಿಟ್ರೇಟ್ ಅನ್ನುವ ಇನ್ನೊಂದು ಬಿಳಿ ಪದಾರ್ಥ ಕೂರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಬಂದು ಮತ್ತೆ ಸ್ಪ್ರೇ ಮಾಡಿದೆ. ನಲವತ್ತು ನಿಮಿಷ ಆದ ಮೇಲೆ ಟಿಶ್ಯೂ ತೆಗೆದು, ಅದೇ ಮುದ್ದೆಯಿಂದ ಮೆಲ್ಲಗೆ ಒರೆಸಿ, ಧಾರಾಳ ನೀರು ಹಾಕಿ ತೊಳೆದೆ. ಮೇಲಿನ ಮುಕ್ಕಾಲು ಭಾಗ ಒಂದೇ ಸಲಕ್ಕೆ ತಿಳಿಯಾಯಿತು. ಕೆಳಗಿನದಕ್ಕೆ ಮೂರು ಸುತ್ತು ಬೇಕಾಯಿತು. ಹಿಂಜಿನ ಸುತ್ತ, ಬಾಗಿಲ ಅಡಿಯ ರಬ್ಬರ್ ಪಟ್ಟಿಯ ಸಂದಿಯಲ್ಲಿ ಹಳೆಯ ಟೂತ್‌ಬ್ರಷ್. ಎಲ್ಲೂ ಬಲ ಹಾಕಿ ತಿಕ್ಕಲಿಲ್ಲ. ಸಂಜೆ ನನ್ನ ತೋಳು ನೋಯಲಿಲ್ಲ. ಅದೇ ಕೆಲಸಕ್ಕೆ ಅಕ್ಕ ಎಷ್ಟು ಸಲ ತೋಳು ನೋಯಿಸಿಕೊಂಡಿದ್ದರು ಅನ್ನುವುದು ಆಗ ನೆನಪಾಯಿತು.

ಕೆಲವು ಮಾತು ಒತ್ತಿ ಹೇಳಬೇಕು. ಆಸಿಡ್ ಬೇಡ. ಬಾತ್‌ರೂಮ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ಸುಣ್ಣ ತಿನ್ನುತ್ತದೆ, ನಿಜ. ಜೊತೆಗೆ ನಲ್ಲಿಯ ಹೊಳಪು, ಟೈಲ್ಸ್ ನಡುವಿನ ಸಿಮೆಂಟು, ತೊಳೆಯುವವರ ಕೈ, ಶ್ವಾಸಕೋಶ ಎಲ್ಲವನ್ನೂ ತಿನ್ನುತ್ತದೆ. ಆಸಿಡ್ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ನಿಂಬೆ ಉಪ್ಪು, ವಿನೆಗರ್ ಜೊತೆಗೂ ಬ್ಲೀಚ್ ಸೇರಿಸಬಾರದು. ಇನ್ನು ವಿನೆಗರಿಗೆ ಅಡುಗೆ ಸೋಡಾ ಹಾಕಿ ಬುಸುಗುಟ್ಟಿಸುವುದು. ನೋಡಲು ಚೆಂದ, ಆದರೆ ಸೋಡಾ ಹುಳಿಯನ್ನು ಕೊಲ್ಲುತ್ತದೆ. ಸುಣ್ಣಕ್ಕೆ ಹೋಗಬೇಕಾದ ಹುಳಿ ಬಟ್ಟಲಲ್ಲೇ ಮುಗಿದುಹೋಗುತ್ತದೆ. ಸ್ಟೀಲ್ ನಾರು, ಬ್ಲೇಡು, ಹಸಿರು ಸ್ಕ್ರಬ್ಬರ್ ಕೂಡ ಬೇಡ. ಸುಣ್ಣ ಗಾಜಿಗಿಂತ ಮೆದು. ಆದರೆ ಆ ಹಸಿರು ಸ್ಕ್ರಬ್ಬರಿನಲ್ಲಿ ಇರುವ ಉಜ್ಜುಪುಡಿ ಗಾಜಿಗಿಂತ ಗಟ್ಟಿ. ಗೀರು ಬಿದ್ದರೆ ಮುಂದಿನ ಸುಣ್ಣಕ್ಕೆ ಅದೇ ಮನೆ.

ನೆಲದ ಮೇಲೂ ಕಣ್ಣಿರಲಿ. ಬಾತ್‌ರೂಮಿನ ನೆಲ ಅಥವಾ ಹೊಸ್ತಿಲಿನ ಪಟ್ಟಿ ಮಾರ್ಬಲ್ ಆಗಿದ್ದರೆ, ಶಹಾಬಾದ್ ಅಥವಾ ಕಡಪ ಕಲ್ಲಾಗಿದ್ದರೆ ಹುಳಿ ತಾಗಿಸಬೇಡಿ. ಅವೂ ಸುಣ್ಣದ ಜಾತಿಯ ಕಲ್ಲುಗಳೇ. ಗಾಜಿನ ಮೇಲಿನ ಸುಣ್ಣ ಯಾವುದು, ನೆಲದ ಕಲ್ಲು ಯಾವುದು ಅಂತ ಹುಳಿಗೆ ಗೊತ್ತಾಗುವುದಿಲ್ಲ. ನಮ್ಮ ಹೊಸ್ತಿಲು ಮಾರ್ಬಲ್. ಅದನ್ನು ಮೊದಲೇ ಚೆನ್ನಾಗಿ ನೆನೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಟೇಪ್ ಹಚ್ಚಿದ್ದೆ.

ಎಲ್ಲ ಮುಗಿದ ಮೇಲೂ ಎಡ ಮೂಲೆಯಲ್ಲಿ ಅಂಗೈಯಗಲ ಮಬ್ಬು ಉಳಿಯಿತು. ಶವರಿನ ನೀರು ನೇರ ಹೊಡೆಯುವ ಜಾಗ. ಮತ್ತೆರಡು ಸುತ್ತು ಹುಳಿ ಹಾಕಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಬೆರಳಾಡಿಸಿದರೆ ನುಣುಪು, ಕಣ್ಣಿಗೆ ಮಬ್ಬು. ಅಲ್ಲಿ ಸುಣ್ಣ ಇಲ್ಲ. ಅಲ್ಲಿ ಗಾಜೇ ಸವೆದಿದೆ. ಗಾಜು ಶಾಶ್ವತ ಅಂತ ನಾವು ಅಂದುಕೊಂಡಿದ್ದೇವೆ. ವರ್ಷಾನುಗಟ್ಟಲೆ ಕ್ಷಾರದ ನೀರು ನಿಂತು ಒಣಗಿದರೆ ಅದರ ಮೈಯಿಂದಲೂ ಸೋಡಿಯಂ ಬಿಟ್ಟು ಹೋಗುತ್ತದೆ, ಮೇಲ್ಮೈ ಮಸುಕಾಗುತ್ತದೆ. ಗಾಜಿನ ಕೆಲಸದವರು ಸೀರಿಯಂ ಆಕ್ಸೈಡ್ ಪುಡಿಯಲ್ಲಿ ಇದನ್ನು ಪಾಲಿಶ್ ಮಾಡುತ್ತಾರೆ. ತುಂಬ ಹೊತ್ತು ಹಿಡಿಯುವ ಕೆಲಸ, ಗಾಜು ಕಾಯದ ಹಾಗೆ ನೋಡಿಕೊಳ್ಳಬೇಕು. ನಾನು ಆ ಮೂಲೆಯನ್ನು ಹಾಗೇ ಬಿಟ್ಟಿದ್ದೇನೆ. ಮೊದಲ ವರ್ಷವೇ ಅಕ್ಕನ ಮಾತು ಕೇಳಿದ್ದರೆ ಅಲ್ಲಿನ ಗಾಜು ಉಳಿಯುತ್ತಿತ್ತು.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಟಿಶ್ಯೂ, ನಿಂಬೆ ಉಪ್ಪು, ಗುಳ್ಳೆ ಎಲ್ಲ. ಅವಳಿಗೆ ಅದರಲ್ಲಿ ಆಶ್ಚರ್ಯದ್ದೇನೂ ಕಾಣಲಿಲ್ಲ. "ಹಂಡೆಗೆ ಹುಣಸೆಹಣ್ಣು ಹಚ್ಚಿ ಬಿಡೂದಿಲ್ವನೇ, ಹಾಗೇ" ಅಂದಳು. ಬಿಡುವುದು ಅನ್ನುವ ಮಾತು ನನಗೆ ತಟ್ಟಿತು. ಹಬ್ಬದ ಹಿಂದಿನ ದಿನ ಅಜ್ಜಿ ತಾಮ್ರದ ಹಂಡೆಗೆ, ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣಿನ ಗಸಿ ಬಳಿದು ಹಿತ್ತಲ ಕಲ್ಲಿನ ಮೇಲೆ ಸಾಲಾಗಿ ಇಡುತ್ತಿದ್ದಳು. ಇಟ್ಟು ತನ್ನ ಬೇರೆ ಕೆಲಸಕ್ಕೆ ಹೋಗುತ್ತಿದ್ದಳು. ಹುಣಸೆಯ ಹುಳಿ, ಅಂದರೆ ಟಾರ್ಟಾರಿಕ್ ಆಮ್ಲ, ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಆಮೇಲೆ ಬಂದು ಬೂದಿ ಹಾಕಿ ಎರಡು ಸುತ್ತು ಉಜ್ಜಿದರೆ ಹಂಡೆ ಹೊಸದು. ಹಂಡೆಯ ಆ ಬಣ್ಣ ಸುಣ್ಣದ್ದಲ್ಲ, ತಾಮ್ರದ್ದೇ ಕಿಲುಬು. ಆದರೆ ಕೆಲಸದ ರೀತಿ ಒಂದೇ.

ನಮ್ಮ ಊರಿನ ಬಾವಿ ನೀರು ಮೆದು. ಮೈಗೆ ಸೋಪು ಹಚ್ಚಿದರೆ ತೊಳೆದಷ್ಟೂ ಜಾರುತ್ತದೆ. ನಾನು ಮೆದು ನೀರಿನಲ್ಲಿ ಬೆಳೆದವಳು. ಅದಕ್ಕೇ ಗಡಸು ನೀರಿನ ಗುರುತು ನನಗೆ ಸಿಕ್ಕಲಿಲ್ಲ ಅನಿಸುತ್ತದೆ. ಬಿಳಿ ಕಲೆ ಕಂಡರೆ ಕೊಳೆ ಅಂದುಕೊಳ್ಳುವುದು, ಕೊಳೆ ಕಂಡರೆ ತೊಳೆಯುವವರನ್ನು ನೋಡುವುದು.

ಈಗ ಗಾಜಿನ ಪಕ್ಕದ ಕೊಕ್ಕೆಯಲ್ಲಿ ಒಂದು ಸಣ್ಣ ವೈಪರ್ ತೂಗುತ್ತದೆ. ಸ್ನಾನ ಮಾಡಿದವರೇ ಎಳೆದು ಬರಬೇಕು, ಮಗನೂ ಸೇರಿ. ಮೇಲಿಂದ ಕೆಳಗೆ ಆರು ಎಳೆತ, ಅರ್ಧ ನಿಮಿಷ. ಆ 55 ಮಿಲಿಲೀಟರ್ ಗಾಜಿನ ಮೇಲೆ ಒಣಗದಿದ್ದರೆ ಸುಣ್ಣ ಬರುವುದು ಎಲ್ಲಿಂದ? ವಾರಕ್ಕೊಮ್ಮೆ ನಿಂಬೆ ಉಪ್ಪಿನ ತೆಳು ನೀರು ಸ್ಪ್ರೇ ಮಾಡಿ, ತೊಳೆದು, ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ನೀರು ಜಾರುವಂಥ ಲೇಪನಗಳು ಸಿಗುತ್ತವೆ, ಕೆಲವು ತಿಂಗಳು ಬರುತ್ತವೆ. ವೈಪರ್ ಎಳೆಯುವ ಮನೆಯಲ್ಲಿ ಅದು ಬೇಕೇ ಬೇಕು ಅಂತ ನನಗೆ ಅನಿಸಿಲ್ಲ. ಅಪಾರ್ಟ್‌ಮೆಂಟಿಗೇ ನೀರು ಮೆದು ಮಾಡುವ ಸಾಫ್ಟನರ್ ಹಾಕಿಸುವ ಮಾತು ನಡೆದಿದೆ. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತವೆ. ಆಗಾಗ ಉಪ್ಪುನೀರು ಹಾಯಿಸಿ ಆ ಮಣಿಗಳನ್ನು ತೊಳೆಯಬೇಕು. ಹಾಗೆ ಹೊರಬಂದ ಉಪ್ಪುನೀರು ಎಲ್ಲಿಗೆ ಹೋಗುತ್ತದೆ ಅಂತ ಸಭೆಯಲ್ಲಿ ಕೇಳಬೇಕು ಅಂತಿದ್ದೇನೆ. ಬೆಂಗಳೂರಿಗೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೇಲಕ್ಕೆ ಎತ್ತಿ ತರುವ ನೀರು. ಅದು ಬೋರ್‌ವೆಲ್ ನೀರಿಗಿಂತ ತುಂಬ ಮೆದು. ನಮ್ಮ ಗೇಟಿನವರೆಗೆ ಇನ್ನೂ ಬಂದಿಲ್ಲ. ಬಂದಾಗ ಮೊದಲು ತಿಳಿಯುವುದು ಈ ಗಾಜಿಗೆ.

ಸೋಮವಾರ ಅಕ್ಕ ಬಂದರು. ಬಾತ್‌ರೂಮಿಗೆ ಹೋದವರು ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಗಾಜಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು.

"ಅಕ್ಕ, ನೀವು ಹೇಳಿದ್ದೇ ಸರಿ. ಅದು ನೀರು ಕಟ್ಟಿದ್ದು. ಅವತ್ತು ಅಮ್ಮನ ಹತ್ತಿರ ಹಾಗೆ ಹೇಳಬಾರದಿತ್ತು ನಾನು. ತಪ್ಪಾಯ್ತು" ಅಂದೆ.

ಅವರು ಅದಕ್ಕೆ ಏನೂ ಹೇಳಲಿಲ್ಲ. "ಏನು ಹಾಕಿದ್ರಿ?" ಅಂದರು. ನಿಂಬೆ ಉಪ್ಪಿನ ಪ್ಯಾಕೆಟ್ ತೋರಿಸಿದೆ. ಹರಳು ಒಂದನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ತಾಗಿಸಿ ನೋಡಿದರು. ಸ್ವಲ್ಪ ಹೊತ್ತು ಯೋಚಿಸಿ, "ನಮ್ಮನೇಲಿ ನೀರು ಕಾಯ್ಸೋ ಕಾಯಿಲ್ ಮೇಲೂ ಇದೇ ಕಟ್ಟಿದೆ ಕಣಮ್ಮ. ಬೆರಳು ದಪ್ಪ ಆಗೋಗದೆ. ಬಕೆಟ್ ನೀರು ಕಾಯಕ್ಕೆ ಮುಕ್ಕಾಲು ಗಂಟೆ. ಅದಕ್ಕೂ ಆಗ್ತದಾ?" ಅಂದರು.

ಮರುದಿನ ಕಾಯಿಲನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಬೆಚ್ಚಗಿನ ನೀರು, ಮೂರು ಚಮಚ ನಿಂಬೆ ಉಪ್ಪು. ಪ್ಲಗ್ಗು, ವೈರು, ಮೇಲಿನ ಹಿಡಿಕೆ ಒದ್ದೆಯಾಗದ ಹಾಗೆ ಸುರುಳಿ ಮಾತ್ರ ಇಳಿಬಿಟ್ಟೆವು. ಕೂಡಲೇ ಗುಳ್ಳೆ ಎದ್ದವು, ಗಾಜಿನದಕ್ಕಿಂತ ಜೋರಾಗಿ. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ನೋಡಿದೆವು. ಐದು ನಿಮಿಷಕ್ಕೆ ಮೊಟ್ಟೆ ಓಡಿನಂಥ ಒಂದು ಚೂರು ಕಳಚಿ ಡಬ್ಬದ ತಳಕ್ಕೆ ಬಿತ್ತು. ಅದು ಬಿಟ್ಟ ಜಾಗದಲ್ಲಿ ಲೋಹ ಮಿಂಚಿತು.

ಅಕ್ಕ ಗಡಿಯಾರ ನೋಡಿದರು. ಮುಂದಿನ ಮನೆಗೆ ಹೊತ್ತಾಗಿತ್ತು. ಸೆರಗು ಸಿಕ್ಕಿಸಿಕೊಳ್ಳುತ್ತ ಎದ್ದು, "ಅದು ಅಲ್ಲೇ ಇರಲಿ, ಮುಟ್ಟಬೇಡಿ. ಮಧ್ಯಾಹ್ನ ಹೋಗೋವಾಗ ಬಂದು ತಗೊಂಡು ಹೋಗ್ತೀನಿ" ಅಂದರು.